‘ಮಲೆಫಿಸೆಂಟ್’ ಸಿನಿಮಾ ಆರು ವರ್ಷದ ಮಗಳಿಗೆ ತೋರಿಸಬಹುದಾ?

ಶಿವಮೊಗ್ಗದ ಅಮ್ಮ:
ಮಗಳಿಗೆ ಆರು ವರ್ಷ. ನೂರು ವರ್ಷ ಮಲಗಿದ ರಾಜಕುಮಾರಿಯ ಕಥೆ ದಿನಾ ರಾತ್ರಿ ಬೇಕು. ನಾನು ಹೇಳೋದು ಗ್ರಿಮ್ ಸಹೋದರರ ಕಥೆ. ಆ ರಾಜ್ಯದಲ್ಲಿ ಮಂತ್ರ ಬಲ್ಲ ಹೆಂಗಸರು ಹದಿಮೂರು ಜನ. ರಾಜನ ಹತ್ತಿರ ಚಿನ್ನದ ತಟ್ಟೆ ಹನ್ನೆರಡೇ. ಅದಕ್ಕೇ ಒಬ್ಬಳನ್ನು ಊಟಕ್ಕೆ ಕರೆಯಲಿಲ್ಲ. ಅವಳು ಬಂದು, ಮಗು ಹದಿನೈದನೇ ವರ್ಷದಲ್ಲಿ ಕದಿರು ಚುಚ್ಚಿ ಸಾಯಲಿ ಅಂತ ಶಾಪ ಕೊಟ್ಟಳು. ಇಲ್ಲಿಗೆ ಬಂದ ಕೂಡಲೇ ಮಗಳು ಎದ್ದು ಕೂರುತ್ತಾಳೆ. “ಅವಳಿಗೆ ಸ್ಟೀಲ್ ತಟ್ಟೇಲಿ ಹಾಕಬಹುದಿತ್ತಲ್ವಾ ಅಮ್ಮ?” ನನ್ನ ಹತ್ತಿರ ಉತ್ತರವಿಲ್ಲ.

2014ರ ‘ಮಲೆಫಿಸೆಂಟ್’ ಆ ಶಾಪ ಕೊಟ್ಟವಳ ಕಡೆಯಿಂದಲೇ ಕಥೆ ಹೇಳುತ್ತೆ. ಅದಕ್ಕೇ ತೋರಿಸೋ ಆಸೆ. ಆದರೆ ಅವಳ ರೆಕ್ಕೆ ಹೋಗುವ ದೃಶ್ಯ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಗು ಹೆದರುತ್ತಾಳಾ? ಮಕ್ಕಳಿಗೆ ತೋರಿಸಿದವರು ಹೇಳಿ.

ಇಬ್ಬರು ಮಕ್ಕಳ ಅಪ್ಪ:
ಪಕ್ಕದಲ್ಲೇ ಕೂತು ತೋರಿಸಿ. ಕತ್ತರಿಸುವುದು ತೆರೆ ಮೇಲೆ ಕಾಣುವುದಿಲ್ಲ. ಅವಳ ಹಳೇ ಗೆಳೆಯ ಸ್ಟೀಫನ್ ಅವಳಿಗೆ ಏನೋ ಕುಡಿಸಿ ಮಲಗಿಸುತ್ತಾನೆ. ಚಾಕು ಎತ್ತುತ್ತಾನೆ, ಕೊಲ್ಲೋಕೆ ಮನಸ್ಸು ಬರುವುದಿಲ್ಲ. ಆಮೇಲೆ ಅವಳ ಮೈ ಸುಡುವ ಕಬ್ಬಿಣದ ಸರಪಳಿ ಕೈಗೆತ್ತಿಕೊಳ್ಳುತ್ತಾನೆ. ಅವಳಿಗೆ ಎಚ್ಚರವಾದಾಗ ಕಿರುಚುತ್ತಾಳಲ್ಲ, ಅದೇ ಕಷ್ಟ. ನಾನು ಅಲ್ಲಿ ಸೌಂಡ್ ಕಡಿಮೆ ಮಾಡಿದೆ. ನಮ್ಮ ಚಿಕ್ಕವನು ಅತ್ತಿದ್ದು ಅವಳ ಜೊತೆಗಿರುವ ಕಾಗೆ ಡ್ರ್ಯಾಗನ್ ಆದಾಗ.

ಇನ್ನು ಮಲೆಫಿಸೆಂಟ್ ತಲೆಯ ಕೊಂಬು. ಶೂಟಿಂಗಿನಲ್ಲೇ ಪುಟ್ಟ ಮಕ್ಕಳು ಏಂಜಲಿನಾ ಜೋಲಿಯವರ ವೇಷ ನೋಡಿ ಹೆದರುತ್ತಿದ್ದರು. ಅದಕ್ಕೇ ರಾಜಕುಮಾರಿ ಅರೋರಾ ಪುಟ್ಟವಳಿದ್ದಾಗಿನ ಪಾತ್ರಕ್ಕೆ ಅವರ ಮಗಳನ್ನೇ ಹಾಕಿಕೊಂಡರು. ಆ ಮಗು ಎತ್ತಿಕೋ ಅಂತ ಕೈ ಚಾಚಿ, ಕೊಂಬನ್ನು ಮುಟ್ಟಿ ನೋಡುತ್ತೆ. ಅದನ್ನು ನೋಡಿದ ಮೇಲೆ ನಮ್ಮವರಿಗೂ ಭಯ ಹೋಯಿತು.

ಕನ್ನಡ ಮೇಷ್ಟ್ರು:
ನನ್ನ ಚಿಂತೆ ಬೇರೆ. ಸುಮಾರು 18 ಕೋಟಿ ಡಾಲರ್ ಸುರಿದು ಮಾಡಿದ ಸಿನಿಮಾ. ನಿರ್ದೇಶಕ ರಾಬರ್ಟ್ ಸ್ಟ್ರೋಮ್‌ಬರ್ಗ್ ಮೂಲತಃ ಕಲಾ ವಿಭಾಗದವರು, ‘ಅವತಾರ್’ಗೆ ಆಸ್ಕರ್ ಪಡೆದವರು. ಅವರು ಕಟ್ಟಿದ ಕಾಡು ಒಮ್ಮೆ ಕಣ್ಣಿಗೆ ಬಿದ್ದರೆ ಮಗು ತಾನೇ ಕಟ್ಟಿಕೊಂಡ ಕಾಡು ಉಳಿಯುತ್ತಾ?

ಕಥೆ ಬದಲಾಯಿಸಿದ್ದಕ್ಕೆ ನನ್ನ ತಕರಾರಿಲ್ಲ. 1697ರಲ್ಲಿ ಫ್ರೆಂಚ್ ಲೇಖಕ ಪೆರೋ ಈ ಕಥೆ ಬರೆದಾಗ ಮುತ್ತೇ ಇರಲಿಲ್ಲ. ರಾಜಕುಮಾರ ಬಂದು ಮಂಡಿಯೂರಿದ, ಅವಳಿಗೆ ಎಚ್ಚರವಾಯಿತು, ಅಷ್ಟೇ. 1812ರ ಗ್ರಿಮ್ ಕಥೆಯಲ್ಲಿ ಮುತ್ತು ಇದೆ. ಈ ಸಿನಿಮಾದಲ್ಲಿ ರಾಜಕುಮಾರ ಮುತ್ತಿಟ್ಟರೂ ಅವಳು ಏಳುವುದಿಲ್ಲ. ಶಾಪ ಕೊಟ್ಟವಳೇ ಅತ್ತು ಹಣೆಗೆ ಮುತ್ತಿಟ್ಟಾಗ ಕಣ್ಣು ಬಿಡುತ್ತಾಳೆ. ಅದು ನನಗೆ ತುಂಬಾ ಇಷ್ಟ. ಆದರೂ ಇನ್ನೊಂದು ವರ್ಷ ಬರೀ ಕಥೆ ಕೇಳಲಿ ಅಂತೀನಿ.

ಶಿವಮೊಗ್ಗದ ಅಮ್ಮ:
ಮೇಷ್ಟ್ರೇ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಒಂದು ವರ್ಷ ಕಾಯೋಕೆ ನನ್ನಿಂದ ಆಗಲಿಲ್ಲ. ಆದರೆ ಮೊದಲು ಅವಳ ಕೈಲಿ ಕಾಡಿನ ಚಿತ್ರ ಬರೆಸಿದೆ. ಮುಳ್ಳಿನ ಬೇಲಿಗೇ ಹಸಿರು ಕ್ರೇಯಾನ್ ಪೂರ್ತಿ ಮುಗಿಸಿದಳು. ಆ ಹಾಳೆ ಈಗ ಫ್ರಿಡ್ಜಿನ ಮೇಲಿದೆ.

ಭಾನುವಾರ ಮಧ್ಯಾಹ್ನ ಬೆಳಕಿರುವಾಗಲೇ ಕೂತು ನೋಡಿದೆವು. ರೆಕ್ಕೆ ಹೋದಾಗ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು, ಅಳಲಿಲ್ಲ. ಕೊನೆಗೆ ಅರೋರಾ ಗಾಜಿನ ಪೆಟ್ಟಿಗೆ ಬೀಳಿಸಿ ರೆಕ್ಕೆ ಬಿಡಿಸುತ್ತಾಳಲ್ಲ, ಆಗ ಸೋಫಾ ಮೇಲೆ ಎದ್ದು ನಿಂತಳು. “ಅಮ್ಮ, ರೆಕ್ಕೆಗೆ ಅವಳು ಎಲ್ಲಿದ್ದಾಳೆ ಅಂತ ಗೊತ್ತು!”

ಈಗ 2019ರ ಎರಡನೇ ಭಾಗ ಬೇಕಂತೆ. ಅದರಲ್ಲಿ ಯುದ್ಧ ಜಾಸ್ತಿ, ಅಲ್ವಾ? ನೋಡಿದವರು ಹೇಳಿ.