18446744073709551615ರ ಅಪವರ್ತನಗಳನ್ನು ಕಾಗದದ ಮೇಲೆಯೇ ಕಂಡುಹಿಡಿಯಬಹುದೇ?

ಪ್ರಶ್ನೆ:
ಚದುರಂಗದ ಹಾಸಿನ 64 ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ದ್ವಿಗುಣಿಸುತ್ತ ಕಾಳುಗಳನ್ನಿರಿಸಿದರೆ ಒಟ್ಟು 2⁶⁴ − 1, ಅಂದರೆ 18446744073709551615 ಕಾಳುಗಳಾಗುತ್ತವೆ. ಕೊನೆಯ ಅಂಕಿ 5 ಆದ್ದರಿಂದ ಈ ಸಂಖ್ಯೆ 5ರಿಂದಲೂ, ಅಂಕಿಗಳ ಮೊತ್ತ 87 ಆದ್ದರಿಂದ 3ರಿಂದಲೂ ಭಾಗವಾಗುತ್ತದೆ. ಉಳಿದ ಅವಿಭಾಜ್ಯ ಅಪವರ್ತನಗಳನ್ನು ಕಂಪ್ಯೂಟರಿನ ನೆರವಿಲ್ಲದೆ ಪಡೆಯುವ ದಾರಿ ಇದೆಯೇ? ಯಾವುದಾದರೂ ಅಪವರ್ತನ ಎರಡು ಬಾರಿ ಬರುತ್ತದೆಯೇ?

ಉತ್ತರ 1:
ದಾರಿ ಇದೆ. ಘಾತಾಂಕವಾದ 64 ಕೂಡ 2ರ ಘಾತವೇ ಆಗಿರುವುದು ಇಲ್ಲಿನ ಅನುಕೂಲ. ಅ² − 1 = (ಅ − 1)(ಅ + 1) ಎಂಬ ಶಾಲೆಯ ಸೂತ್ರವನ್ನು ಮತ್ತೆ ಮತ್ತೆ ಅನ್ವಯಿಸಿದರೆ 3 × 5 × 17 × 257 × 65537 × 4294967297 ಎಂಬ ಗುಣಲಬ್ಧ ದೊರೆಯುತ್ತದೆ. ಈ ಆರೂ ಫರ್ಮಾ ಸಂಖ್ಯೆಗಳು, ಅಂದರೆ 2ನ್ನು 1, 2, 4, 8, 16, 32 ಹೀಗೆ ದ್ವಿಗುಣಿಸುತ್ತ ಹೋಗುವ ಘಾತಗಳಿಗೆ ಏರಿಸಿ 1 ಕೂಡಿಸಿದಾಗ ಬರುವವು; ಕೊನೆಯದು 2³² + 1. ಮೊದಲ ಐದು ಅವಿಭಾಜ್ಯಗಳು.

ಉತ್ತರ 2:
ಕೆಲಸವಿರುವುದು ಆರನೆಯದರಲ್ಲಿಯೇ. 2³² + 1 ಕೂಡ ಅವಿಭಾಜ್ಯವೆಂದು ಫರ್ಮಾ 17ನೇ ಶತಮಾನದಲ್ಲಿ ಊಹಿಸಿದ್ದರು. ಅದು 641ರಿಂದ ಭಾಗವಾಗುತ್ತದೆಂದು 1732ರಲ್ಲಿ ಆಯ್ಲರ್ ತೋರಿಸಿದರು. ಈ 641 ಕುರುಡು ಹುಡುಕಾಟದಲ್ಲಿ ಸಿಕ್ಕಿದ್ದಲ್ಲ. 2³² + 1ರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 128ರ ಯಾವುದಾದರೊಂದು ಗುಣಕಕ್ಕೆ 1 ಕೂಡಿಸಿದಾಗ ಬರುವ ಸಂಖ್ಯೆಯಾಗಿರಲೇಬೇಕು (ಆಯ್ಲರ್ ಬಳಸಿದ್ದು 64ರ ಗುಣಕಗಳನ್ನು, ನಿಯಮವನ್ನು 128ಕ್ಕೆ ಬಿಗಿಗೊಳಿಸಿದವರು 19ನೇ ಶತಮಾನದ ಲ್ಯೂಕಾ). ಆ ಸಾಲಿನ 129, 385, 513 ಅವಿಭಾಜ್ಯಗಳಲ್ಲ. 257 ಇನ್ನೊಂದು ಫರ್ಮಾ ಸಂಖ್ಯೆ, ಮತ್ತು ಯಾವ ಎರಡು ಫರ್ಮಾ ಸಂಖ್ಯೆಗಳಿಗೂ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲ. ಹೀಗಾಗಿ ನಿಜವಾಗಿ ಪರೀಕ್ಷಿಸಬೇಕಾದ ಮೊದಲ ಸಂಖ್ಯೆಯೇ 641.

ಭಾಗಾಕಾರವನ್ನೂ ತಪ್ಪಿಸಬಹುದು. 641 = 5 × 2⁷ + 1 ಆದ್ದರಿಂದ 5 × 2⁷ನ್ನು 641ರಿಂದ ಭಾಗಿಸಿದರೆ ಶೇಷ −1; ಅದರ ನಾಲ್ಕನೇ ಘಾತವಾದ 5⁴ × 2²⁸ಕ್ಕೆ ಶೇಷ 1. ಇತ್ತ 641 = 5⁴ + 2⁴ ಕೂಡ ಹೌದು; ಆದ್ದರಿಂದ 5⁴ರ ಜಾಗದಲ್ಲಿ −2⁴ ಇಟ್ಟರೆ −2³²ಕ್ಕೆ ಶೇಷ 1 ಎಂದಾಗುತ್ತದೆ, ಅಂದರೆ 2³² + 1 ನಿಶ್ಶೇಷವಾಗಿ ಭಾಗವಾಗುತ್ತದೆ. ನನ್ನ ಮಟ್ಟಿಗೆ ಇಡೀ ಲೆಕ್ಕದ ಸೊಗಸೆಲ್ಲ ಈ ಎರಡು ಸಾಲುಗಳಲ್ಲಿದೆ.

ಭಾಗಲಬ್ಧವಾದ 6700417 ಅವಿಭಾಜ್ಯವೇ ಎಂಬುದನ್ನೂ ಅದೇ ನಿಯಮದಿಂದ ತೀರ್ಮಾನಿಸಬಹುದು. ಅದರ ವರ್ಗಮೂಲ 2589ಕ್ಕಿಂತ ಕಡಿಮೆ. ಆ ಮಿತಿಯೊಳಗೆ 257ನ್ನು ಬಿಟ್ಟರೆ ನಿಯಮಕ್ಕೆ ಹೊಂದುವ ಅವಿಭಾಜ್ಯಗಳು 641, 769, 1153 ಮತ್ತು 1409 ಮಾತ್ರ. ಇವುಗಳಿಂದ ಭಾಗಿಸಿದಾಗ ಕ್ರಮವಾಗಿ 44, 120, 334 ಮತ್ತು 622 ಶೇಷ ಉಳಿಯುವುದರಿಂದ 6700417 ಅವಿಭಾಜ್ಯ.

ಉತ್ತರ 3:
ತಮ್ಮ ಎರಡನೆಯ ಪ್ರಶ್ನೆಗೆ: ಯಾವುದೂ ಎರಡು ಬಾರಿ ಬರುವುದಿಲ್ಲ. ಏಳು ಬೇರೆ ಬೇರೆ ಅವಿಭಾಜ್ಯಗಳಿರುವುದರಿಂದ ಒಟ್ಟು ಭಾಜಕಗಳು 2⁷, ಅಂದರೆ 128. ಮೊದಲ ಐದರ ಗುಣಲಬ್ಧವಾದ 4294967295ಕ್ಕೆ ರೇಖಾಗಣಿತದಲ್ಲಿ ವಿಶೇಷ ಸ್ಥಾನವಿದೆ: ಅಳತೆಪಟ್ಟಿ ಮತ್ತು ಕೈವಾರದಿಂದ ರಚಿಸಬಲ್ಲ, ಬೆಸಸಂಖ್ಯೆಯ ಭುಜಗಳುಳ್ಳ ಕ್ರಮಬಹುಭುಜಗಳಲ್ಲಿ ಇದುವರೆಗೆ ತಿಳಿದಿರುವ ಅತಿದೊಡ್ಡದಕ್ಕೆ ಅಷ್ಟು ಭುಜಗಳಿವೆ. ತಾವು ಕೇಳಿದ ಸಂಖ್ಯೆಗೆ 2 ಕೂಡಿಸಿದರೆ ಸಿಗುವುದು ಮುಂದಿನ ಫರ್ಮಾ ಸಂಖ್ಯೆ. ಅಲ್ಲಿ ಇಷ್ಟು ಸುಲಭವಿಲ್ಲ. 1880ರಲ್ಲಿ ಲಾಂಡ್ರಿ ಪ್ರಕಟಿಸಿದಂತೆ ಅದರ ಚಿಕ್ಕ ಅಪವರ್ತನವೇ 274177.