ಸಹಾಯ ಬೇಕು: ಬುಲೆಟ್‌ನ ಟ್ಯಾಪೆಟ್ ಸದ್ದು ಹೋಗುತ್ತಿಲ್ಲ

ಸಿಂಧನೂರಿನವನು. ಅಪ್ಪನ ಕಾಲದ ಬುಲೆಟ್ 350, ಎರಕದ ಕಬ್ಬಿಣದ ಎಂಜಿನ್. ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ) ಸದ್ದು ಎಷ್ಟಿದೆಯೆಂದರೆ, ನಾನು ಕಾಲುವೆ ತಿರುವಿಗೆ ಬಂದೊಡನೆ ಮನೆಯಲ್ಲಿ ಚಹಾಕ್ಕೆ ನೀರಿಡುತ್ತಾರೆ.

ಎಂಜಿನ್ ಪೂರ್ತಿ ತಣಿಯಲಿ ಎಂದು ಬೆಳಗಿನ ಜಾವ ಕುಳಿತೆ (ನಮ್ಮ ಬಿಸಿಲಿಗೆ ಬೇರೆ ಹೊತ್ತೆಲ್ಲಿದೆ?). ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ (ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಗೆ) ತಂದು, ಬಲಬದಿಯ ಮುಚ್ಚಳ ಬಿಚ್ಚಿ ಪುಶ್‌ರಾಡ್‌ಗಳನ್ನು (ಟ್ಯಾಪೆಟ್‌ನಿಂದ ವಾಲ್ವ್ ಕಡೆಗೆ ತಳ್ಳುವ ಉದ್ದ ಸರಳುಗಳನ್ನು) ಹೊಂದಿಸಿದೆ. ಎರಡೂ ಬೆರಳಿಗೆ ಸಲೀಸಾಗಿ ತಿರುಗಿದವು, ಮೇಲೆ ಕೆಳಗೆ ಆಡಲಿಲ್ಲ. ಆದರೆ ಲಾಕ್ ನಟ್ ಬಿಗಿಯುವಾಗ ಎಕ್ಸಾಸ್ಟ್ ಕಡೆಯ ಅಡ್ಜಸ್ಟರ್ (ಸಡಿಲ-ಬಿಗಿ ಹೊಂದಿಸುವ ತಿರುಪು) ಕೂದಲೆಳೆಯಷ್ಟು ಜರುಗಿ ಮತ್ತೆ ಸಡಿಲವಾಗುತ್ತದೆ. ಸ್ಪ್ಯಾನರ್ ಮೂರು, ಕೈ ಎರಡೇ!

ಮೆಕ್ಯಾನಿಕ್ ಒಬ್ಬರು ಇನ್ನಷ್ಟು ಬಿಗಿ ಮಾಡಿಬಿಡಿ ಎಂದರು. ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋದೀತೆಂದು ನಾನು ಒಪ್ಪಲಿಲ್ಲ. ಅಡ್ಜಸ್ಟರ್ ಜರುಗದಂತೆ ನೀವು ಹೇಗೆ ಹಿಡಿಯುತ್ತೀರಿ? ದಯವಿಟ್ಟು ತಿಳಿಸಿ, ಚಿತ್ರ ಹಾಕಿದರೆ ಇನ್ನೂ ಒಳ್ಳೆಯದು.