ಸಭೆಯಲ್ಲಿ ಮೌನ, ಸಭೆ ಮುಗಿದ ಮೇಲೆ ಮಾತು: ಮುಖ್ಯಸ್ಥರಾದವರು ಏನನ್ನು ಗಮನಿಸಬೇಕು?

ಪ್ರಶ್ನೆ

ಹನ್ನೊಂದು ಜನರ ತಂಡವೊಂದನ್ನು ನಾಲ್ಕು ವರ್ಷಗಳಿಂದ ನಡೆಸುತ್ತಿದ್ದೇನೆ. ಪ್ರತಿ ಸೋಮವಾರದ ಸಭೆಯ ಕೊನೆಯಲ್ಲಿ ‘ಏನಾದರೂ ತೊಂದರೆ ಇದೆಯೇ?’ ಎಂದು ಕೇಳುತ್ತೇನೆ. ಎಲ್ಲರೂ ‘ಏನೂ ಇಲ್ಲ’ ಎನ್ನುತ್ತಾರೆ. ಕೊಠಡಿಯಿಂದ ಹೊರಗೆ ಕಾಲಿಟ್ಟ ಕೂಡಲೇ ಅದೇ ಜನರು ಇಬ್ಬಿಬ್ಬರಾಗಿ ನಿಂತು ತಗ್ಗಿದ ದನಿಯಲ್ಲಿ ಮಾತನಾಡಿಕೊಳ್ಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಕಳೆದ ತಿಂಗಳು, ಗ್ರಾಹಕರಿಗೆ ಒಪ್ಪಿಸಬೇಕಿದ್ದ ಕೆಲಸದಲ್ಲಿ ಲೆಕ್ಕದ ದೊಡ್ಡ ದೋಷವೊಂದು ಕೊನೆಯ ದಿನ ಹೊರಬಿತ್ತು. ತಂಡಕ್ಕೆ ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರಿಗೆ ಅದು ಮೂರು ವಾರ ಮೊದಲೇ ಗೊತ್ತಿತ್ತು. ಏಕೆ ತಿಳಿಸಲಿಲ್ಲವೆಂದು ಕೇಳಿದಾಗ, ‘ಹೇಳಬೇಕೆಂದೇ ಬಂದಿದ್ದೆ, ಆವತ್ತು ನಿಮ್ಮ ಮುಖ ನೋಡಿ ಸುಮ್ಮನಾದೆ’ ಎಂದರು.

ಆ ಮಾತು ಇನ್ನೂ ನನ್ನನ್ನು ಕೊರೆಯುತ್ತಿದೆ. ನಾನು ಯಾರ ಮೇಲೂ ದನಿ ಏರಿಸಿದವನಲ್ಲ. ಆವತ್ತು ನನ್ನ ಮುಖ ಹೇಗಿತ್ತೆಂಬುದು ನನಗೆ ನೆನಪೇ ಇಲ್ಲ. ಸಾವಧಾನ (ಈ ಕ್ಷಣವನ್ನು ಮನಸ್ಸಿಟ್ಟು ಗಮನಿಸುವುದು) ಮತ್ತು ಭಾವನೆಗಳ ಅರಿವಿನಿಂದ ತಂಡ ನಡೆಸುವುದರ ಬಗ್ಗೆ ಎರಡು ದಿನಗಳ ತರಬೇತಿಗೂ ಹೋಗಿಬಂದೆ. ಕಣ್ಣು ಮುಚ್ಚಿ ಉಸಿರನ್ನು ಗಮನಿಸುವುದನ್ನು ಕಲಿಸಿದರು, ಮನಸ್ಸಿಗೆ ಹಿತವೂ ಆಯಿತು. ಆದರೆ ಹನ್ನೊಂದು ಜನ ಎದುರಿಗೆ ಕುಳಿತಿರುವಾಗ ಅದು ಯಾವ ಗಳಿಗೆಯಲ್ಲಿ, ಹೇಗೆ ಒದಗಿ ಬರುತ್ತದೆ ಎಂಬುದು ತಿಳಿಯಲಿಲ್ಲ. ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಿಮ್ಮ ಪ್ರಶ್ನೆಯ ರೂಪವೇ ‘ಇಲ್ಲ’ ಎಂಬ ಉತ್ತರವನ್ನು ಹೇಳಿಸುತ್ತಿದೆ ಎಂದು ನನಗನ್ನಿಸುತ್ತದೆ. ಎಲ್ಲರೂ ಪುಸ್ತಕ ಮುಚ್ಚಿ ಏಳುವ ಹೊತ್ತಿಗೆ ತೊಂದರೆ ಇದೆಯೇ ಎಂದು ಕೇಳಿದರೆ, ಇದೆ ಎನ್ನುವವರು ಉಳಿದ ಹತ್ತು ಮಂದಿಯನ್ನು ತಡೆದು ನಿಲ್ಲಿಸಿದಂತಾಗುತ್ತದೆ. ಅದರ ಬದಲು ಸಭೆಯ ಆರಂಭದಲ್ಲೇ, ‘ಈ ವಾರ ನಿಮಗೆ ಅನುಮಾನ ಹುಟ್ಟಿಸಿದ ಸಂಗತಿ ಯಾವುದು?’ ಎಂದು ಕೇಳಿ, ಆಮೇಲೆ ಸುಮ್ಮನಿರಿ. ಸುಮ್ಮನಿರುವುದೇ ಇಲ್ಲಿ ಕಷ್ಟದ ಕೆಲಸ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದುದು ಕಂಡುಬಂತು. ಕಾಯುವಿಕೆಯನ್ನು ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಅದುವರೆಗೆ ತುಟಿ ಬಿಚ್ಚದಿದ್ದವರೂ ಮಾತನಾಡತೊಡಗಿದರು. ಉತ್ತರ ಬಂದ ಮೇಲೂ ಹೀಗೆಯೇ ಕಾಯಬೇಕೆಂದು ಅವರು ಹೇಳಿದ್ದರು. ಮುಖ್ಯಸ್ಥರು ಎಡವುವುದು ಹೆಚ್ಚಾಗಿ ಈ ಎರಡನೆಯ ಕಾಯುವಿಕೆಯಲ್ಲಿ: ಎದುರಿನವರು ಅರ್ಧ ಮಾತಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಾವು ಪರಿಹಾರ ಹೇಳಿ ಮುಗಿಸಿರುತ್ತೇವೆ.

ಉಸಿರಾಟದ ಅಭ್ಯಾಸ ಒದಗಬೇಕಾದದ್ದು ಆ ಗಳಿಗೆಯಲ್ಲೇ. ಕೆಟ್ಟ ಸುದ್ದಿ ಕಿವಿಗೆ ಬಿದ್ದ ಕ್ಷಣ ನಿಮ್ಮ ದವಡೆ ಬಿಗಿಯಾಯಿತೇ, ಹುಬ್ಬು ಗಂಟಿಕ್ಕಿತೇ, ಕೈ ಫೋನಿನ ಕಡೆಗೆ ಸರಿಯಿತೇ ಎಂಬುದನ್ನು ಗಮನಿಸಿ, ಆ ಭಾವಕ್ಕೆ ಮನಸ್ಸಿನಲ್ಲೇ ಒಂದು ಹೆಸರಿಡಿ. ಅಮೆರಿಕದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಮೆದುಳಿನ ಸ್ಕ್ಯಾನ್ ಅಧ್ಯಯನವೊಂದರಲ್ಲಿ, ಚಿತ್ರದಲ್ಲಿ ಕಾಣುವ ಮುಖದ ಭಾವವನ್ನು ಪದದಿಂದ ಗುರುತಿಸಿದಾಗ ಭಯದಂತಹ ಭಾವಗಳಲ್ಲಿ ಚುರುಕಾಗುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿದ್ದು ಕಂಡುಬಂದಿತ್ತು. ‘ಇದು ಸಿಟ್ಟಲ್ಲ, ಗಾಬರಿ’ ಎಂದು ನಾನು ನನ್ನೊಳಗೇ ಹೇಳಿಕೊಂಡ ದಿನಗಳಲ್ಲಿ ನನ್ನ ಮುಂದಿನ ವಾಕ್ಯ ಬೇರೆಯೇ ಆಗಿರುತ್ತದೆ ಎಂಬುದನ್ನು ಅನುಭವದಿಂದ ಹೇಳಬಲ್ಲೆ.

ಎರಡನೆಯ ಉತ್ತರ

ನಾನು ಆಸ್ಪತ್ರೆಯ ವಾರ್ಡೊಂದರಲ್ಲಿ ದಾದಿಯರ ಮೇಲ್ವಿಚಾರಕಿ. ನಮ್ಮ ಕ್ಷೇತ್ರದಲ್ಲಿ ಆಡದೆ ಉಳಿದ ಮಾತಿನ ಬೆಲೆಯನ್ನು ರೋಗಿ ತೆರಬೇಕಾಗುತ್ತದೆ, ಆದ್ದರಿಂದ ಈ ವಿಷಯ ನನಗೆ ಬಹಳ ಹತ್ತಿರದ್ದು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧ ನೀಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರಬೇಕೆಂಬುದು ಅವರ ನಿರೀಕ್ಷೆಯಾಗಿತ್ತು. ಅಂಕಿಅಂಶ ಅದಕ್ಕೆ ತದ್ವಿರುದ್ಧವಾಗಿತ್ತು. ಒಳ್ಳೆಯ ತಂಡದವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಆಮೇಲೆ ಹೊಳೆಯಿತು. 1999ರ ಅವರ ಪ್ರಬಂಧದಿಂದ ‘ಮಾನಸಿಕ ಸುರಕ್ಷತೆ’ (ತಪ್ಪು, ಅನುಮಾನಗಳನ್ನು ಅಂಜದೆ ಹೇಳಬಹುದೆಂಬ ತಂಡದವರ ನಂಬಿಕೆ) ಎಂಬ ಮಾತು ಕೆಲಸದ ತಂಡಗಳ ಚರ್ಚೆಯಲ್ಲಿ ಬೇರೂರಿತು.

ಒಂದು ರಾತ್ರಿ ಪಾಳಿ ಬದಲಾಗುವಾಗ ಕಿರಿಯ ದಾದಿಯೊಬ್ಬರು, ತಪ್ಪು ಸೀಸೆಯನ್ನು ಕೈಗೆತ್ತಿಕೊಂಡಿದ್ದೆ, ಸೂಜಿಗೆ ತುಂಬುವ ಮುನ್ನ ಗೊತ್ತಾಯಿತು ಎಂದರು. ನಾನು ಪೆನ್ನಿನ ಗುಂಡಿಯನ್ನು ಟಕಟಕನೆ ಒತ್ತುತ್ತಿದ್ದೆ. ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಆ ಪೆನ್ನಿನ ಮೇಲಿತ್ತು. ಅದು ಅರಿವಿಗೆ ಬಂದದ್ದೇ ಪೆನ್ನನ್ನು ಮೇಜಿನ ಮೇಲಿಟ್ಟು, ‘ಹೇಳಿದ್ದು ಒಳ್ಳೆಯದಾಯಿತು. ಮೊದಲಿನಿಂದ ಹೇಳಿ’ ಎಂದೆ. ಒಂದೇ ಬಣ್ಣದ ಮುಚ್ಚಳವಿದ್ದ ಎರಡು ಔಷಧಗಳು ಕಪಾಟಿನಲ್ಲಿ ಪಕ್ಕಪಕ್ಕದಲ್ಲಿದ್ದವು; ಇನ್ನಿಬ್ಬರಿಗೂ ಹಾಗೆಯೇ ಆಗಿತ್ತು, ಅವರು ಮಾತು ನುಂಗಿಕೊಂಡಿದ್ದರು. ಆ ರಾತ್ರಿಯೇ ಒಂದನ್ನು ಕೆಳಗಿನ ಅರೆಗೆ ಸರಿಸಿದೆವು. ನಾನು ‘ಏಕೆ ನೋಡಲಿಲ್ಲ?’ ಎಂದು ಕೇಳಿಬಿಟ್ಟಿದ್ದರೆ ಕ್ಷಮಾಪಣೆ ಸಿಗುತ್ತಿತ್ತು, ಕಪಾಟಿನ ವಿಷಯ ತಿಳಿಯುತ್ತಿರಲಿಲ್ಲ.

ಮೂರನೆಯ ಉತ್ತರ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಅಷ್ಟೇ ಸಾಲದು. ವರ್ಷದ ಕೊನೆಗೆ ಬಡ್ತಿ ನಿರ್ಧರಿಸುವವರೂ ನೀವೇ, ತಪ್ಪನ್ನು ಹೇಳಿ ಎನ್ನುವವರೂ ನೀವೇ ಆದಾಗ, ನಿಮ್ಮ ಮುಖ ಎಷ್ಟೇ ಪ್ರಸನ್ನವಾಗಿದ್ದರೂ ಜನರು ಅಳೆದು ತೂಗಿಯೇ ಮಾತನಾಡುತ್ತಾರೆ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಮಂಜು ಕವಿದಿತ್ತು, ರೇಡಿಯೋ ಮಾತುಗಳು ಒಂದರ ಮೇಲೊಂದು ಬಿದ್ದು ಅಸ್ಪಷ್ಟವಾಗಿದ್ದವು, ಕಾರಣಗಳು ಹಲವು. ಆದರೂ ಮೇಲೇರಲು ಓಡುತ್ತಿದ್ದ ವಿಮಾನದಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಫ್ಲೈಟ್ ಎಂಜಿನಿಯರ್, ಇನ್ನೊಂದು ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇ ಎಂದು ಕೇಳಿದ್ದರು. ಹೋಗಿದೆ ಎಂದು ಹಿರಿಯ ಕ್ಯಾಪ್ಟನ್ ದೃಢವಾಗಿ ಹೇಳಿದ ಮೇಲೆ ಆ ಪ್ರಶ್ನೆ ಅಲ್ಲಿಗೇ ನಿಂತಿತು. ಇಂತಹ ದುರಂತಗಳ ತರುವಾಯ, 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ಮೊದಲ್ಗೊಂಡು, ಕ್ಯಾಪ್ಟನ್ನರು ಕೇಳಿಸಿಕೊಳ್ಳುವುದನ್ನೂ ಕಿರಿಯರು ಅನುಮಾನವನ್ನು ನೇರವಾಗಿ ನುಡಿಯುವುದನ್ನೂ ತರಬೇತಿಯ ಭಾಗವಾಗಿಸಲಾಯಿತು. ಒಬ್ಬ ಕ್ಯಾಪ್ಟನ್ನನ ಸ್ವಭಾವ ತಿದ್ದಿದರೆ ಸಾಕೆಂದು ಯಾರೂ ಭಾವಿಸಲಿಲ್ಲ.

ಇನ್ನೊಂದು ಎಚ್ಚರಿಕೆ. ತೋರಿಕೆಯ ಶಾಂತಿಯನ್ನು ಜನರು ಬೇಗ ಪತ್ತೆ ಹಚ್ಚುತ್ತಾರೆ. ಸಿಟ್ಟು ಬಂದಿದ್ದರೆ ಬಂದಿದೆ ಎಂದು ಸರಳವಾಗಿ ಹೇಳಿ, ಅದು ಯಾರ ಮೇಲಲ್ಲ ಎಂಬುದನ್ನೂ ಹೇಳಿ. ಹಾಗೆಯೇ, ಭಾವನೆಗಳ ಅರಿವು ಎಂದರೆ ತಂಡದವರೆಲ್ಲ ತಮ್ಮ ಒಳಗನ್ನು ನಿಮ್ಮೆದುರು ತೆರೆದಿಡಬೇಕೆಂದಲ್ಲ. ಅರಿಯಬೇಕಾದದ್ದು ಮೊದಲು ನಿಮ್ಮದನ್ನು. ‘ನಿಮಗೆ ಹೇಗನ್ನಿಸುತ್ತಿದೆ?’ ಎಂದು ಒಬ್ಬೊಬ್ಬರನ್ನೂ ಕೇಳುತ್ತಾ ಹೋದ ಮುಖ್ಯಸ್ಥರೊಬ್ಬರ ಕೈಕೆಳಗೆ ನಾನು ಕೆಲಸ ಮಾಡಿದ್ದೇನೆ. ಅದು ವಿಚಾರಣೆಯಂತೆ ಭಾಸವಾಗುತ್ತಿತ್ತು.

ಪ್ರಶ್ನೆ ಕೇಳಿದವರು, ಐದು ವಾರಗಳ ನಂತರ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಪ್ರಶ್ನೆಯನ್ನು ಬದಲಿಸಿ ಸಭೆಯ ಆರಂಭಕ್ಕೆ ತಂದೆ. ಮೊದಲೆರಡು ವಾರ ಬರಿಯ ಮೌನ. ಆ ಕೆಲವು ಸೆಕೆಂಡುಗಳನ್ನು ಸಹಿಸುವುದು ನಾನೆಣಿಸಿದ್ದಕ್ಕಿಂತ ಕಠಿಣವಾಗಿತ್ತು. ಮೂರನೆಯ ವಾರ ಹಿರಿಯ ಸಹೋದ್ಯೋಗಿಯೊಬ್ಬರು, ನಾನು ಗ್ರಾಹಕರಿಗೆ ಮಾತು ಕೊಟ್ಟಿದ್ದ ದಿನಾಂಕಕ್ಕೆ ಕೆಲಸ ಮುಗಿಯುವುದು ಸಾಧ್ಯವೇ ಇಲ್ಲವೆಂದು ಹೇಳಿದರು. ನನ್ನ ದವಡೆ ಬಿಗಿದದ್ದು ಈ ಬಾರಿ ನನಗೇ ತಿಳಿಯಿತು. ‘ನನಗೆ ಗಾಬರಿಯಾಗುತ್ತಿದೆ, ನಿಮ್ಮ ಮೇಲೆ ಸಿಟ್ಟಿಲ್ಲ, ಮುಂದೆ ಹೇಳಿ’ ಎಂದೆ. ಅವರು ಮುಂದುವರಿಸಿದರು, ಇನ್ನಿಬ್ಬರು ದನಿಗೂಡಿಸಿದರು. ಅದೇ ದಿನ ಗ್ರಾಹಕರಿಗೆ ಕರೆ ಮಾಡಿ ದಿನಾಂಕವನ್ನು ಮುಂದಕ್ಕೆ ಹಾಕಿಸಿಕೊಂಡೆ.

ಮೂರನೆಯ ಉತ್ತರ ಬರೆದವರು ಬಡ್ತಿಯ ಬಗ್ಗೆ ಹೇಳಿದ್ದನ್ನು ನೆನೆದು, ಮೊದಲೇ ಹೇಳಿದ ತಪ್ಪನ್ನು ವಾರ್ಷಿಕ ಮೌಲ್ಯಮಾಪನದಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ತಂಡಕ್ಕೆ ಬರೆದು ತಿಳಿಸಿದ್ದೇನೆ. ಹೊಸ ಸಹೋದ್ಯೋಗಿ ಸಭೆಯಲ್ಲಿ ಇನ್ನೂ ಮಾತನಾಡುವುದಿಲ್ಲ. ಆದರೆ ಕಳೆದ ಎರಡು ಶುಕ್ರವಾರ, ತಮಗೆ ಅನುಮಾನ ತಂದ ಸಂಗತಿಯನ್ನು ನಾಲ್ಕು ಸಾಲಿನ ಚೀಟಿಯಲ್ಲಿ ಬರೆದು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಾರೆ.